ಕುಡಿಕೆ ಹೊನ್ನು ಎಷ್ಟು ವರ್ಷ ಬಾಳೀತು? ನಿವೃತ್ತಿಯ ಉಳಿತಾಯ ಮತ್ತು ಆದಾಯದ ದಾರಿಗಳ ಹೋಲಿಕೆ

ಕೂತು ಉಂಡರೆ ಕುಡಿಕೆ ಹೊನ್ನೂ ಸಾಲದು ಎಂಬ ಗಾದೆಯನ್ನು ನಾವು ಸಾಮಾನ್ಯವಾಗಿ ದುಡಿಯಲೊಲ್ಲದವರ ಕಡೆಗೆ ತಿರುಗಿಸುತ್ತೇವೆ. ಆದರೆ ಮೂವತ್ತು ಮೂವತ್ತೈದು ವರ್ಷ ದುಡಿದು ದಣಿದವರೂ ಒಂದು ದಿನ ಕೂತು ಉಣ್ಣಬೇಕಾದವರೇ. ಅವರ ಮಟ್ಟಿಗೆ ಈ ಗಾದೆ ಬರಿಯ ಲೆಕ್ಕದ ಪ್ರಶ್ನೆ: ಕುಡಿಕೆ ಎಷ್ಟು ದೊಡ್ಡದಿರಬೇಕು, ಅದರಿಂದ ವರ್ಷಕ್ಕೆ ಎಷ್ಟು ತೆಗೆಯಬಹುದು, ಅದನ್ನು ನಮ್ಮ ಕೈಯಲ್ಲೇ ಇಟ್ಟುಕೊಳ್ಳಬೇಕೋ ಅಥವಾ ಬದುಕಿರುವವರೆಗೂ ತಿಂಗಳು ತಿಂಗಳು ಕೊಡುತ್ತೇನೆಂದು ಬರೆದುಕೊಡುವ ಸಂಸ್ಥೆಯೊಂದಕ್ಕೆ ಒಪ್ಪಿಸಬೇಕೋ.

ನಿವೃತ್ತಿಯ ಯೋಜನೆಗಳನ್ನು ಹೋಲಿಸಲು ಕುಳಿತವರು ಮೊದಲು ಕೇಳುವುದು ಎಷ್ಟು ಪ್ರತಿಫಲ ಬರುತ್ತದೆ ಎಂದು. ನನ್ನ ಅಭಿಪ್ರಾಯದಲ್ಲಿ ಅದು ಎರಡನೆಯ ಪ್ರಶ್ನೆ. ನಿವೃತ್ತಿಯ ಮೇಲೆ ಮೂರು ಭಾರಗಳಿವೆ: ಎಣಿಸಿದ್ದಕ್ಕಿಂತ ಹೆಚ್ಚು ಕಾಲ ಬದುಕುವುದು ಒಂದು, ಬೆಲೆಗಳು ಏರುತ್ತಲೇ ಹೋಗುವುದು ಇನ್ನೊಂದು, ಹಣ ತೊಡಗಿಸಿದ ಮಾರುಕಟ್ಟೆ ಬೇಡದ ಹೊತ್ತಿನಲ್ಲಿ ಕುಸಿಯುವುದು ಮತ್ತೊಂದು. ಯಾವ ಯೋಜನೆಯೂ ಈ ಮೂರನ್ನು ಇಲ್ಲವಾಗಿಸುವುದಿಲ್ಲ. ಯಾವ ಭಾರ ಯಾರ ಹೆಗಲ ಮೇಲೆ ಎಂಬುದನ್ನಷ್ಟೇ ಬದಲಿಸುತ್ತದೆ. ಎರಡು ಯೋಜನೆಗಳನ್ನು ಅಕ್ಕಪಕ್ಕ ಇಟ್ಟಾಗ ಈ ಮೂರು ಭಾರಗಳನ್ನು ಯಾರು ಹೊರುತ್ತಾರೆ ಎಂದು ಮೊದಲು ಕೇಳಿದರೆ, ಪ್ರತಿಫಲದ ಅಂಕಿ ಏಕೆ ಹೆಚ್ಚು ಅಥವಾ ಏಕೆ ಕಡಿಮೆ ಎಂಬುದೂ ಬಹುಪಾಲು ತಾನಾಗಿ ತಿಳಿಯುತ್ತದೆ.

ಅಳತೆಗೋಲು

ಹೋಲಿಕೆಗೆ ಇಳಿಯುವ ಮೊದಲು ಅಳತೆಗೋಲು ಬೇಕು. ಹಣದ ಮೊತ್ತವೇ ಅಳತೆಗೋಲಾದರೆ ಬೆಲೆ ಏರಿದಂತೆಲ್ಲ ಅದು ಕುಗ್ಗುತ್ತ ಹೋಗುತ್ತದೆ. ಇಂದು ದೊಡ್ಡದಾಗಿ ಕಾಣುವ ಮೊತ್ತ 25 ವರ್ಷಗಳ ಮೇಲೆ ಏನನ್ನು ಕೊಳ್ಳೀತು ಎಂದು ಯಾರಿಗೂ ಮನಸ್ಸಿಗೆ ತಂದುಕೊಳ್ಳಲಾಗದು. ಅದಕ್ಕಿಂತ ನಿಮ್ಮ ಮನೆಯ ಒಂದು ವರ್ಷದ ಖರ್ಚನ್ನೇ ಒಂದು ಎಂದು ಎಣಿಸುವುದು ಒಳ್ಳೆಯದು. ಆಗ ನಿಮ್ಮ ಉಳಿತಾಯ ಆರು ವರ್ಷದ ಖರ್ಚಿನಷ್ಟಿದೆಯೋ ಹದಿನಾರು ವರ್ಷದಷ್ಟಿದೆಯೋ ಎಂಬುದು ನೇರವಾಗಿ ಕಾಣುತ್ತದೆ, ಮತ್ತು ಆ ಅಂಕಿಗೆ ಅರ್ಥವಿರುತ್ತದೆ.

ಈ ಒಂದು ವರ್ಷದ ಖರ್ಚನ್ನು ಊಹಿಸಬಾರದು, ಬರೆದಿಟ್ಟು ತಿಳಿಯಬೇಕು. ಹನ್ನೆರಡು ತಿಂಗಳು ಪುಸ್ತಕದಲ್ಲಿ ಬರೆದವರಿಗೆ ಗೊತ್ತಾಗುವುದೇನೆಂದರೆ, ತಪ್ಪುವುದು ಪ್ರತಿ ತಿಂಗಳೂ ಬರುವ ಖರ್ಚಿನಲ್ಲಲ್ಲ. ವರ್ಷಕ್ಕೊಮ್ಮೆ, ಐದು ವರ್ಷಕ್ಕೊಮ್ಮೆ ಬರುವ ಸೂರಿನ ದುರಸ್ತಿ, ಹಲ್ಲಿನ ಚಿಕಿತ್ಸೆ, ಕನ್ನಡಕ, ಕೆಟ್ಟುಹೋದ ಯಂತ್ರಗಳ ಖರ್ಚಿನಲ್ಲಿ. ಆ ಮೊತ್ತದಿಂದ ನಿವೃತ್ತಿಯ ನಂತರ ಇರದ ಸಾಲದ ಕಂತು ಮತ್ತು ಕೆಲಸಕ್ಕೆ ಓಡಾಡುವ ವೆಚ್ಚವನ್ನು ಕಳೆಯಿರಿ. ವೈದ್ಯಕೀಯ ಖರ್ಚನ್ನು, ಅದು ಏರುತ್ತದೆಯೇ ಹೊರತು ಇಳಿಯುವುದಿಲ್ಲವಾದ್ದರಿಂದ, ಧಾರಾಳವಾಗಿ ಕೂಡಿಸಿ. ಸಿಕ್ಕಿದ್ದು ನಿಮ್ಮ ಒಂದು.

ಇಂತಹ ಎಷ್ಟು ಒಂದುಗಳು ಬೇಕು? ಅಮೆರಿಕದ ಹಣಕಾಸು ಸಲಹೆಗಾರ ವಿಲಿಯಂ ಬೆಂಗೆನ್ 1994ರಲ್ಲಿ ಪ್ರಕಟಿಸಿದ ಲೆಕ್ಕ ಇಂದಿಗೂ ಚರ್ಚೆಯ ಆರಂಭಬಿಂದು. ಅವರು 1926ರಿಂದಾಚೆಗಿನ ಅಮೆರಿಕದ ಷೇರು ಮತ್ತು ಸರ್ಕಾರಿ ಸಾಲಪತ್ರಗಳ ದಾಖಲೆಗಳನ್ನು ತೆಗೆದುಕೊಂಡು, ಬೇರೆ ಬೇರೆ ವರ್ಷಗಳಲ್ಲಿ ನಿವೃತ್ತರಾದವರು ಮೊದಲ ವರ್ಷ ತಮ್ಮ ಗಂಟಿನ ಇಷ್ಟು ಶೇಕಡಾ ತೆಗೆದು, ಆಮೇಲೆ ಪ್ರತಿ ವರ್ಷವೂ ಅದೇ ಮೊತ್ತವನ್ನು ಬೆಲೆಯೇರಿಕೆಗೆ ತಕ್ಕಂತೆ ಹಿಗ್ಗಿಸುತ್ತ ಹೋದರೆ ಗಂಟು ಎಷ್ಟು ಕಾಲ ಉಳಿಯುತ್ತಿತ್ತು ಎಂದು ನೋಡಿದರು. ಶೇ. 4ರ ಆಸುಪಾಸಿನಲ್ಲಿ ತೆಗೆದರೆ ಅತ್ಯಂತ ಕೆಟ್ಟ ಕಾಲದಲ್ಲಿ ನಿವೃತ್ತರಾದವರಿಗೂ 30 ವರ್ಷ ಸಾಕಾಗುತ್ತಿತ್ತು. ಶೇ. 4 ಎಂದರೆ ತಲೆಕೆಳಗಾಗಿ ಹೇಳಿದರೆ ವರ್ಷದ ಖರ್ಚಿನ 25 ಪಟ್ಟು. ಬೆಂಗೆನ್ ಅವರೇ ಈ ಅಂಕಿಯನ್ನು ಆಮೇಲೆ ಸ್ವಲ್ಪ ಮೇಲಕ್ಕೆ ತಿದ್ದಿದರು. ಆದರೂ ಅದು ಒಂದು ದೇಶದ ಮಾರುಕಟ್ಟೆಯ, ಅದೂ ಸಾಕಷ್ಟು ಅದೃಷ್ಟವಂತ ಮಾರುಕಟ್ಟೆಯ ಇತಿಹಾಸದಿಂದ ಬಂದದ್ದು ಎಂಬುದನ್ನು, ಮತ್ತು 30 ವರ್ಷಕ್ಕೆ ಮಾತ್ರ ಮಾಡಿದ ಲೆಕ್ಕ ಎಂಬುದನ್ನು ಮರೆಯಬಾರದು. 50ಕ್ಕೇ ನಿವೃತ್ತರಾಗುವವರಿಗೆ 25 ಪಟ್ಟು ಸಾಲದು. 70ಕ್ಕೆ ನಿವೃತ್ತರಾಗುವವರಿಗೆ ಅಷ್ಟು ಬೇಕಾಗದೆಯೂ ಇರಬಹುದು.

ಸರ್ಕಾರದಿಂದಲೋ ಹಳೆಯ ಉದ್ಯೋಗದಿಂದಲೋ ಪಿಂಚಣಿ ಬರುವವರು ಈ 25ಕ್ಕೆ ಹೆದರಬೇಕಾಗಿಲ್ಲ. ಬೆಲೆಯೇರಿಕೆಯೊಂದಿಗೆ ಹೆಚ್ಚುವ ಪಿಂಚಣಿ ಖರ್ಚಿನ ಅರ್ಧವನ್ನು ಭರಿಸುವುದಾದರೆ, ಉಳಿದ ಅರ್ಧಕ್ಕೆ ಮಾತ್ರ ಗಂಟು ಬೇಕು. ಅಂದರೆ ಹನ್ನೆರಡೂವರೆ ಪಟ್ಟು.

ಯಾವಾಗ ಶುರು ಮಾಡಿದರೆ ಎಷ್ಟು ಉಳಿಸಬೇಕು ಎಂಬ ಲೆಕ್ಕವನ್ನೂ ಇಲ್ಲೇ ಮುಗಿಸೋಣ. ಬೆಲೆಯೇರಿಕೆಯನ್ನು ಕಳೆದು ವರ್ಷಕ್ಕೆ ಶೇ. 4 ಬೆಳೆಯುವ ಕಡೆ ಹಣವಿದೆ, 60ಕ್ಕೆ ನಿವೃತ್ತಿ, ಬೇರೆ ಪಿಂಚಣಿಯಿಲ್ಲ, ಗುರಿ 25 ಪಟ್ಟು ಎಂದಿಟ್ಟುಕೊಳ್ಳಿ. 25ನೇ ವಯಸ್ಸಿಗೆ ಶುರು ಮಾಡಿದವರು ತಮ್ಮ ವರ್ಷದ ಖರ್ಚಿನ ಮೂರನೆಯ ಒಂದು ಭಾಗದಷ್ಟನ್ನು, ಅಂದರೆ ಕೈಗೆ ಬರುವ ಆದಾಯದ ಕಾಲು ಭಾಗವನ್ನು ಪ್ರತಿ ವರ್ಷ ಉಳಿಸಿದರೆ ಸಾಕು. 35ಕ್ಕೆ ಶುರು ಮಾಡಿದವರು ಖರ್ಚಿನ ಶೇ. 60ರಷ್ಟು ಉಳಿಸಬೇಕು. 45ಕ್ಕೆ ಶುರು ಮಾಡಿದವರು ಒಂದು ಖರ್ಚು ಮಾಡಿದರೆ ಒಂದೂಕಾಲು ಉಳಿಸಬೇಕು. ಈ ಕೊನೆಯ ಅಂಕಿಯನ್ನು ಕಂಡು ಕೈಚೆಲ್ಲಬಾರದೆಂದು ನಾನು ಕಳಕಳಿಯಿಂದ ಹೇಳುತ್ತೇನೆ. ನಲವತ್ತೈದರವರಿಗೆ ಉಳಿದಿರುವ ದಾರಿಗಳಲ್ಲಿ ಹೆಚ್ಚು ಉಳಿಸುವುದು ಒಂದು ಮಾತ್ರ. ಇನ್ನೂ ಮೂರು ನಾಲ್ಕು ವರ್ಷ ದುಡಿಯುವುದು ಅದಕ್ಕಿಂತ ಬಲವಾದದ್ದು. ಅದರ ಮಾತು ಮುಂದೆ ಬರುತ್ತದೆ.

ಮಾತು ಕೊಟ್ಟ ಪಿಂಚಣಿ, ಕೂಡಿಟ್ಟ ಖಾತೆ

ಮೊದಲ ದೊಡ್ಡ ಹೋಲಿಕೆ ಇದು. ಮೊದಲನೆಯದರಲ್ಲಿ ಸಂಸ್ಥೆ ಅಥವಾ ಸರ್ಕಾರ ಇಷ್ಟು ವರ್ಷದ ಸೇವೆಗೆ, ಕೊನೆಯ ಸಂಬಳದ ಇಷ್ಟು ಭಾಗ ಎಂದು ಮುಂಚಿತವಾಗಿ ಮಾತು ಕೊಡುತ್ತದೆ. ಎರಡನೆಯದರಲ್ಲಿ ಎಷ್ಟು ಕಟ್ಟಬೇಕು ಎಂಬುದಷ್ಟೇ ನಿಶ್ಚಿತ. ಕೊನೆಗೆ ಎಷ್ಟು ಬರುತ್ತದೆ ಎಂಬುದು ಮಾರುಕಟ್ಟೆಗೆ ಬಿಟ್ಟದ್ದು.

ಮಾತು ಕೊಟ್ಟ ಪಿಂಚಣಿಯ ಇತಿಹಾಸ ಹಳೆಯದು. ಜರ್ಮನಿಯಲ್ಲಿ ಬಿಸ್ಮಾರ್ಕ್ ಚಾನ್ಸಲರ್ ಆಗಿದ್ದಾಗ, 1889ರಲ್ಲಿ ಬಂದ ವೃದ್ಧಾಪ್ಯ ವಿಮೆಯ ಕಾನೂನು 70 ತುಂಬಿದ ಕಾರ್ಮಿಕರಿಗೆ ಪಿಂಚಣಿ ಕೊಟ್ಟಿತು. 1916ರಲ್ಲಿ ಆ ವಯಸ್ಸು 65ಕ್ಕೆ ಇಳಿಯಿತು. ಆಗ 70 ಮುಟ್ಟುತ್ತಿದ್ದವರೇ ಕಡಿಮೆ. ಇಂದು ನಿವೃತ್ತರಾದ ಮೇಲೆ ಇಪ್ಪತ್ತು ಮೂವತ್ತು ವರ್ಷ ಬದುಕುವುದು ಸಾಮಾನ್ಯವಾಗಿದೆ, ಮತ್ತು ಈ ಬಗೆಯ ಮಾತು ಕೊಡಲು ಸಂಸ್ಥೆಗಳು ಹಿಂಜರಿಯುವುದಕ್ಕೆ ಅದೇ ಮುಖ್ಯ ಕಾರಣ. ಚಿಲಿ 1981ರಲ್ಲಿ ವೈಯಕ್ತಿಕ ಖಾತೆಗಳಿಗೆ ಹೊರಳಿತು, ಆಸ್ಟ್ರೇಲಿಯಾ 1992ರಲ್ಲಿ ಉದ್ಯೋಗದಾತರು ಪ್ರತಿ ನೌಕರನ ಖಾತೆಗೆ ಹಣ ಕಟ್ಟುವುದನ್ನು ಕಡ್ಡಾಯ ಮಾಡಿತು, ಭಾರತದಲ್ಲಿ 2004ರ ಜನವರಿ 1ರ ನಂತರ ಕೇಂದ್ರ ಸರ್ಕಾರದ ಸೇವೆಗೆ ಸೇರಿದವರು, ಸೇನಾಪಡೆಗಳ ಹೊರತು, ಇಂತಹ ಖಾತೆಯ ವ್ಯವಸ್ಥೆಗೆ ಬಂದರು. ಮೂರು ಭಾರಗಳೂ ಸಂಸ್ಥೆಯ ಹೆಗಲಿನಿಂದ ವ್ಯಕ್ತಿಯ ಹೆಗಲಿಗೆ ಇಳಿದದ್ದು ಹೀಗೆ.

ಹಾಗೆಂದು ಮಾತು ಕೊಟ್ಟ ಪಿಂಚಣಿಗೆ ಅಪಾಯವಿಲ್ಲವೆಂದಲ್ಲ. ಅಲ್ಲಿರುವ ನಾಲ್ಕನೆಯ ಭಾರ, ಮಾತು ಕೊಟ್ಟವರು ಉಳಿಯುತ್ತಾರೆಯೇ ಎಂಬುದು. ಅಮೆರಿಕದ ಸ್ಟುಡೆಬೇಕರ್ ಕಾರು ಕಂಪನಿ 1963ರ ಡಿಸೆಂಬರಿನಲ್ಲಿ ಸೌತ್ ಬೆಂಡ್‌ನ ಕಾರ್ಖಾನೆಯನ್ನು ಮುಚ್ಚಿದಾಗ, ಪಿಂಚಣಿ ನಿಧಿಯಲ್ಲಿದ್ದ ಹಣ ಎಲ್ಲರಿಗೂ ಸಾಲಲಿಲ್ಲ. 60 ತುಂಬಿದ ಹಳಬರಿಗೆ ಪೂರ್ತಿ ಸಿಕ್ಕಿತು. 40ರಿಂದ 59ರೊಳಗಿನ ಸುಮಾರು 4,000 ಮಂದಿಗೆ ತಮ್ಮ ಹಕ್ಕಿನ ಸುಮಾರು ಶೇ. 15 ಮಾತ್ರ ಬಂತು; ಅದಕ್ಕಿಂತ ಕಿರಿಯರಿಗೆ ಏನೂ ಬರಲಿಲ್ಲ. ಅಲ್ಲಿ ಖಾಸಗಿ ಪಿಂಚಣಿಗಳನ್ನು ಕಾಯುವ ಕಾನೂನು 1974ರಲ್ಲಿ ಬಂದದ್ದರ ಹಿಂದೆ ಈ ಘಟನೆಯ ನೆನಪಿತ್ತು. ಆದ್ದರಿಂದ ಇಂತಹ ಪಿಂಚಣಿ ಇರುವವರು ಕೇಳಬೇಕಾದ ಪ್ರಶ್ನೆಗಳು ಕೆಲವೇ: ಮಾತಿನ ಹಿಂದೆ ಪ್ರತ್ಯೇಕವಾಗಿ ತೆಗೆದಿಟ್ಟ ನಿಧಿ ಇದೆಯೇ ಅಥವಾ ವರ್ಷ ವರ್ಷದ ಆದಾಯದಿಂದಲೇ ಕೊಡುತ್ತಾರೆಯೇ, ಬೆಲೆಯೇರಿಕೆಗೆ ತಕ್ಕಂತೆ ಹೆಚ್ಚುತ್ತದೆಯೇ, ಸಂಗಾತಿಗೆ ಎಷ್ಟು ಮುಂದುವರಿಯುತ್ತದೆ, ಅವಧಿಗೆ ಮುಂಚೆ ಕೆಲಸ ಬಿಟ್ಟರೆ ಏನು ಉಳಿಯುತ್ತದೆ.

ಎರಡರಲ್ಲಿ ಒಂದನ್ನು ಆರಿಸಿಕೊಳ್ಳುವ ಅವಕಾಶ ನಿಜಕ್ಕೂ ಸಿಕ್ಕವರಿಗೆ ನನ್ನ ತೀರ್ಮಾನ ಹೀಗಿದೆ. ಒಂದೇ ಕಡೆ ಬಹುಕಾಲ ಕೆಲಸ ಮಾಡುವ ಸಂಭವವಿದ್ದು, ಬೆಲೆಯೇರಿಕೆಗೆ ಹೊಂದಿಕೊಳ್ಳುವ, ಗಟ್ಟಿ ಬೆಂಬಲವುಳ್ಳ ಪಿಂಚಣಿ ಎದುರಿಗಿದ್ದರೆ ಅದನ್ನು ಬಿಡಬಾರದು. ಅದನ್ನು ಹೊರಗೆ ಕೊಳ್ಳಲು ಹೊರಟರೆ ತಗಲುವ ವೆಚ್ಚ ಬಹಳ ದೊಡ್ಡದು. ಕೆಲಸ ಮೇಲಿಂದ ಮೇಲೆ ಬದಲಾಯಿಸುವವರಿಗೆ, ಮೇಲಿನ ಪ್ರಶ್ನೆಗಳಿಗೆ ತೃಪ್ತಿಕರ ಉತ್ತರ ಸಿಗದವರಿಗೆ, ಸ್ವಂತ ಹೆಸರಿನಲ್ಲಿರುವ ಖಾತೆಯೇ ಮೇಲು.

ಕೂಡಿಡುವಾಗ: ಷೇರು, ಠೇವಣಿ, ಮನೆ

ಇಪ್ಪತ್ತೈದರಿಂದ ಅರವತ್ತರವರೆಗಿನ ಅವಧಿಯಲ್ಲಿ ಬೆಲೆಯೇರಿಕೆಯೇ ದೊಡ್ಡ ವೈರಿ. ವರ್ಷಕ್ಕೆ ಶೇ. 6ರ ದರದಲ್ಲಿ ಬೆಲೆಗಳು 12 ವರ್ಷಕ್ಕೆ ಇಮ್ಮಡಿಯಾಗುತ್ತವೆ, 30 ವರ್ಷಕ್ಕೆ ಐದೂಮುಕ್ಕಾಲು ಪಟ್ಟಾಗುತ್ತವೆ. ಠೇವಣಿ ಮತ್ತು ಸಾಲಪತ್ರಗಳು ಅಸಲನ್ನು ಕಾಯುತ್ತವೆ, ಆದರೆ ದೀರ್ಘಕಾಲದಲ್ಲಿ ಬೆಲೆಯೇರಿಕೆಯನ್ನು ಕಳೆದು ಉಳಿಯುವುದು ಕಡಿಮೆ. ಮೇಲಿನ ಲೆಕ್ಕದಲ್ಲಿ ಶೇ. 4ರ ಬದಲು ಶೇ. 2 ಮಾತ್ರ ಉಳಿಯುವುದಾದರೆ, 25ಕ್ಕೆ ಶುರು ಮಾಡಿದವರೂ ಖರ್ಚಿನ ಮೂರನೆಯ ಒಂದು ಭಾಗದ ಬದಲು ಅರ್ಧದಷ್ಟು ಉಳಿಸಬೇಕಾಗುತ್ತದೆ. ಷೇರುಗಳು ಏರಿಳಿದರೂ ಕಾಯಲು ಮೂವತ್ತು ವರ್ಷ ಇರುವವರಿಗೆ ಅವುಗಳಲ್ಲಿ ದೊಡ್ಡ ಪಾಲಿಡುವುದಕ್ಕೆ ಕಾರಣ ಇದು.

ಆದರೆ ಷೇರು ಎಂದರೆ ಎಷ್ಟು ಕಾಲ ಕಾಯಬೇಕಾಗಬಹುದು ಎಂಬುದಕ್ಕೂ ಒಂದು ಸಾಕ್ಷಿ ಕಣ್ಣೆದುರಿಗಿರಲಿ. ಜಪಾನಿನ ನಿಕ್ಕೇ ಸೂಚ್ಯಂಕ 1989ರ ಡಿಸೆಂಬರ್ 29ರಂದು 38,915ಕ್ಕೆ ಮುಟ್ಟಿತು. ಆ ಎತ್ತರವನ್ನು ಮತ್ತೆ ದಾಟಿದ್ದು 2024ರ ಫೆಬ್ರವರಿಯಲ್ಲಿ. ಅಂದು ನಿವೃತ್ತಿಯ ಹಣವನ್ನೆಲ್ಲ ಒಂದೇ ದೇಶದ ಷೇರುಗಳಲ್ಲಿಟ್ಟ ಅರವತ್ತರ ವ್ಯಕ್ತಿ ಆ ಸೂಚ್ಯಂಕ ಹಳೆಯ ಮಟ್ಟ ಮುಟ್ಟುವುದನ್ನು ನೋಡಲು ತೊಂಬತ್ತನಾಲ್ಕರವರೆಗೆ ಬದುಕಬೇಕಿತ್ತು. ಹಲವು ದೇಶಗಳಲ್ಲಿ ಹರಡಿದ ನಿಧಿ ಮತ್ತು ನಿವೃತ್ತಿಗೆ ಹತ್ತು ವರ್ಷವಿರುವಾಗಿನಿಂದ ಷೇರಿನ ಪಾಲನ್ನು ನಿಧಾನವಾಗಿ ತಗ್ಗಿಸುವ ಕ್ರಮ, ಈ ಎರಡೂ ಇಂತಹ ಪೆಟ್ಟಿಗೆ ಇರುವ ಸರಳ ರಕ್ಷಣೆಗಳು.

ನಿಧಿಗಳನ್ನು ಹೋಲಿಸುವಾಗ ಹಿಂದಿನ ಪ್ರತಿಫಲಕ್ಕಿಂತ ಶುಲ್ಕವನ್ನು ನೋಡಿ ಎಂದು ನಾನು ಒತ್ತಿ ಹೇಳುತ್ತೇನೆ. ಹಿಂದಿನದು ಮರುಕಳಿಸುವ ಭರವಸೆಯಿಲ್ಲ, ಶುಲ್ಕ ಮಾತ್ರ ತಪ್ಪದೆ ಮರುಕಳಿಸುತ್ತದೆ. ವರ್ಷಕ್ಕೆ ಶೇ. 7 ಬೆಳೆಯುವ ಕಡೆ 40 ವರ್ಷ ಪ್ರತಿ ವರ್ಷವೂ ಒಂದೇ ಮೊತ್ತ ಕಟ್ಟಿದರೆ ಸುಮಾರು 200 ಕಂತುಗಳಷ್ಟು ಗಂಟಾಗುತ್ತದೆ. ಅದೇ ನಿಧಿ ಶೇ. 1 ಹೆಚ್ಚುವರಿ ಶುಲ್ಕ ತೆಗೆದುಕೊಂಡು ಶೇ. 6 ಮಾತ್ರ ಉಳಿಸಿದರೆ ಸಿಗುವುದು ಸುಮಾರು 155 ಕಂತು. ಒಂದು ಎಂದು ಕಾಣುವ ಅಂಕಿ ಕೊನೆಯ ಗಂಟಿನ ಐದನೆಯ ಒಂದು ಭಾಗಕ್ಕಿಂತ ಹೆಚ್ಚನ್ನು ಒಯ್ಯುತ್ತದೆ. ಸೂಚ್ಯಂಕವನ್ನು ಹಿಂಬಾಲಿಸುವ, ಅಂದರೆ ಇಂಡೆಕ್ಸ್ ಫಂಡ್ ಎಂದು ಕರೆಯುವ ನಿಧಿಗಳು ಹೆಚ್ಚಿನವರಿಗೆ ಸರಿಹೊಂದುವುದು ಈ ಕಾರಣಕ್ಕೇ.

ಮನೆ ಅಥವಾ ಜಾಗವನ್ನೇ ನಿವೃತ್ತಿಯ ಗಂಟು ಎಂದು ನಂಬುವವರು ಬಹಳ. ವಾಸಕ್ಕೊಂದು ಸ್ವಂತ ಮನೆ ಇರುವುದು ಖರ್ಚನ್ನು ಇಳಿಸುತ್ತದೆ, ಅದು ನಿಜವಾದ ಲಾಭ. ಅದರಾಚೆಗಿನ ಎರಡನೆಯ ಮನೆ ಬೆಲೆಯೇರಿಕೆಯ ಭಾರವನ್ನು ಸಾಕಷ್ಟು ಹೊರುತ್ತದೆ, ಏಕೆಂದರೆ ಬಾಡಿಗೆಯೂ ಏರುತ್ತದೆ. ಆದರೆ ಆಸ್ಪತ್ರೆಯ ಬಿಲ್ ಕಟ್ಟಲು ಮನೆಯ ಒಂದು ಕೋಣೆಯನ್ನು ಮಾರಲಾಗದು. ಬಾಡಿಗೆದಾರ ಬಿಟ್ಟುಹೋದ ತಿಂಗಳುಗಳಲ್ಲಿ ಆದಾಯ ಸೊನ್ನೆ. ಎಂಬತ್ತರ ವಯಸ್ಸಿನಲ್ಲಿ ಸೋರುವ ನಲ್ಲಿಯ ದೂರು ಕೇಳುವವರೂ ನೀವೇ. ಒಟ್ಟು ಗಂಟಿನ ಒಂದು ಭಾಗವಾಗಿ ಸರಿ, ಪೂರ್ತಿಯಾಗಿ ಬೇಡ.

ತೆರಿಗೆಯ ವಿಷಯದಲ್ಲಿ ಒಂದೇ ಮಾತು: ಈಗ ವಿನಾಯಿತಿ ಕೊಟ್ಟು ಆಮೇಲೆ ತೆರಿಗೆ ಹಾಕುವ ಖಾತೆಗೂ, ಈಗ ತೆರಿಗೆ ತೆಗೆದುಕೊಂಡು ಆಮೇಲೆ ಬಿಟ್ಟುಬಿಡುವ ಖಾತೆಗೂ, ಎರಡು ಕಾಲದ ತೆರಿಗೆಯ ದರ ಒಂದೇ ಆಗಿದ್ದರೆ, ಕೊನೆಗೆ ಕೈಗೆ ಬರುವುದರಲ್ಲಿ ವ್ಯತ್ಯಾಸವಿಲ್ಲ. ನಿವೃತ್ತಿಯ ನಂತರ ನಿಮ್ಮ ದರ ಇಳಿಯುವುದಾದರೆ ಮೊದಲನೆಯದು, ಏರುವುದಾದರೆ ಎರಡನೆಯದು.

ಉಳಿಸಬೇಕೆಂಬ ಮನಸ್ಸಿದ್ದೂ ಕೈ ಬಾರದವರಿಗೆ ರಿಚರ್ಡ್ ಥೇಲರ್ ಮತ್ತು ಶ್ಲೋಮೋ ಬೆನಾರ್ಟ್ಜಿ 2004ರಲ್ಲಿ ವರದಿ ಮಾಡಿದ ಪ್ರಯೋಗ ನೆರವಾದೀತು. ಒಂದು ಕಾರ್ಖಾನೆಯ ನೌಕರರಿಗೆ ಈಗಿನ ಸಂಬಳದಿಂದ ಹೆಚ್ಚು ಕಡಿತ ಮಾಡಿಸಿಕೊಳ್ಳಿ ಎನ್ನುವ ಬದಲು, ಮುಂದೆ ಸಂಬಳ ಏರಿದಾಗ ಆ ಏರಿಕೆಯ ಒಂದು ಭಾಗ ತಾನಾಗಿ ಉಳಿತಾಯಕ್ಕೆ ಹೋಗಲಿ ಎಂದು ಇಂದೇ ಒಪ್ಪಿಸಿದರು. 40 ತಿಂಗಳಲ್ಲಿ ಅವರ ಉಳಿತಾಯದ ದರ ಶೇ. 3.5ರಿಂದ 13.6ಕ್ಕೆ ಏರಿತು. ಕೈಗೆ ಬರುತ್ತಿದ್ದ ಮೊತ್ತ ಎಂದೂ ಇಳಿಯಲಿಲ್ಲವಾದ್ದರಿಂದ ಯಾರಿಗೂ ಕಳೆದುಕೊಂಡ ನೋವಾಗಲಿಲ್ಲ. ಎರಡು ಖಾತೆಗಳಲ್ಲಿ ಮಿಕ್ಕದ್ದೆಲ್ಲ ಸಮವಾಗಿದ್ದರೆ, ಹೀಗೆ ತಾನಾಗಿ ಏರುವ ಸೌಲಭ್ಯ ಇರುವುದನ್ನು ಆರಿಸಿಕೊಳ್ಳಿ.

ತೆಗೆದು ಉಣ್ಣುವಾಗ: ಬಡ್ಡಿ, ವರ್ಷಾಶನ, ಸ್ವಂತ ಲೆಕ್ಕ

ಗಂಟು ಕೂಡಿದ ಮೇಲೆ ಅದನ್ನು ಆದಾಯವಾಗಿ ಮಾಡಿಕೊಳ್ಳುವ ಪ್ರಶ್ನೆ ಬರುತ್ತದೆ. ಹೆಚ್ಚಿನ ತಪ್ಪುಗಳು ಆಗುವುದು ಇಲ್ಲಿ, ಮತ್ತು ಇಲ್ಲಿನ ತಪ್ಪನ್ನು ತಿದ್ದಲು ದುಡಿಮೆಯ ವರ್ಷಗಳು ಉಳಿದಿರುವುದಿಲ್ಲ.

ಬಡ್ಡಿಯಲ್ಲಿ ಬದುಕು, ಅಸಲನ್ನು ಮುಟ್ಟಬೇಡ ಎಂಬುದು ಹಿರಿಯರ ಕ್ರಮ. ಅದರ ಬಗ್ಗೆ ನನಗೆ ಗೌರವವಿದೆ, ಆದರೆ ಅದು ಮೊದಲ ವರ್ಷಗಳಲ್ಲಿ ಹುಟ್ಟಿಸುವ ಭ್ರಮೆ ದೊಡ್ಡದು. 25 ವರ್ಷದ ಖರ್ಚಿನಷ್ಟು ಹಣವನ್ನು ಶೇ. 7ರ ಠೇವಣಿಯಲ್ಲಿಟ್ಟರೆ ಮೊದಲ ವರ್ಷದ ಬಡ್ಡಿಯೇ ಒಂದೂಮುಕ್ಕಾಲು ವರ್ಷದ ಖರ್ಚಿನಷ್ಟಾಗುತ್ತದೆ. ಬೇಕಾದ್ದಕ್ಕಿಂತ ಹೆಚ್ಚಿದೆಯಲ್ಲ ಎಂದು ಅದನ್ನೆಲ್ಲ ಉಂಡರೆ, ಬೆಲೆಗಳು ಶೇ. 6ರಂತೆ ಏರುತ್ತಿರುವಾಗ ಹತ್ತು ವರ್ಷದಲ್ಲಿ ಅದೇ ಬಡ್ಡಿ ಖರ್ಚಿಗೆ ಕಡಿಮೆ ಬೀಳತೊಡಗುತ್ತದೆ. ಅದೇ ಹಣದಿಂದ ಪ್ರತಿ ವರ್ಷ ಬೇಕಾದ ಒಂದನ್ನಷ್ಟೇ ತೆಗೆದು, ಮಿಕ್ಕ ಬಡ್ಡಿಯನ್ನು ಮತ್ತೆ ಠೇವಣಿಗೆ ಸೇರಿಸುತ್ತ, ಮುಂದೆ ಬೇಕಾದಾಗ ಅಸಲನ್ನೂ ಸಂಕೋಚವಿಲ್ಲದೆ ಕರಗಿಸಿದರೆ, ಅದು ಸುಮಾರು 29 ವರ್ಷ ಬಾಳುತ್ತದೆ. ಅಂದರೆ ಠೇವಣಿ ಕೆಟ್ಟ ಆಯ್ಕೆಯಲ್ಲ. ಬಂದ ಬಡ್ಡಿಯೆಲ್ಲ ಖರ್ಚಿಗೆ, ಅಸಲು ಮಾತ್ರ ಪವಿತ್ರ ಎಂಬ ನಿಯಮ ಕೆಟ್ಟದ್ದು.

ವರ್ಷಾಶನ, ಅಂದರೆ ಆನ್ಯುಟಿ, ಇದಕ್ಕೆ ವಿರುದ್ಧ ತುದಿಯಲ್ಲಿದೆ. ಇಡುಗಂಟನ್ನು ವಿಮಾ ಸಂಸ್ಥೆಗೆ ಕೊಟ್ಟರೆ ಅದು ನೀವು ಬದುಕಿರುವವರೆಗೂ ನಿಶ್ಚಿತ ಮೊತ್ತ ಕೊಡುತ್ತದೆ. ಇದು ನಡೆಯುವುದು ಹೇಗೆಂದರೆ, ಸಾವಿರಾರು ಜನರ ಗಂಟು ಒಂದೆಡೆ ಸೇರಿ, ಬೇಗ ತೀರಿಕೊಂಡವರ ಪಾಲು ಬಹುಕಾಲ ಬಾಳಿದವರ ಊಟಕ್ಕೆ ಒದಗುತ್ತದೆ. ಆಯುಸ್ಸಿನ ಭಾರ ಪೂರ್ತಿಯಾಗಿ ನಿಮ್ಮ ಹೆಗಲಿನಿಂದ ಇಳಿಯುವುದು ಈ ಒಂದು ದಾರಿಯಲ್ಲಿ ಮಾತ್ರ. ಆ ಭಾರ ಎಷ್ಟು ತೂಕದ್ದು ಎಂಬುದಕ್ಕೆ ಫ್ರಾನ್ಸಿನ ಆರ್ಲ್ ಪಟ್ಟಣದ ಜಾನ್ ಕಾಲ್ಮಾಂ ಅವರ ಕಥೆಯಿದೆ. 1965ರಲ್ಲಿ, 90ರ ಹರೆಯದಲ್ಲಿ, ಅವರು ತಮ್ಮ ಮನೆಯನ್ನು 47ರ ವಯಸ್ಸಿನ ವಕೀಲರೊಬ್ಬರಿಗೆ ಒಂದು ಷರತ್ತಿನ ಮೇಲೆ ಬರೆದುಕೊಟ್ಟರು: ತಾವು ಬದುಕಿರುವವರೆಗೆ ತಿಂಗಳಿಗೆ 2,500 ಫ್ರಾಂಕ್ ಕೊಡಬೇಕು, ಆಮೇಲೆ ಮನೆ ಅವರದು. ವಕೀಲರು 1995ರಲ್ಲಿ 77ನೇ ವಯಸ್ಸಿನಲ್ಲಿ ತೀರಿಕೊಂಡರು. ಅಷ್ಟರಲ್ಲಿ ಕೊಟ್ಟ ಹಣ ಮನೆಯ ಬೆಲೆಯನ್ನು ಎಂದೋ ಮೀರಿತ್ತು. ಅವರ ಪತ್ನಿ ಕಂತು ಮುಂದುವರಿಸಿದರು. ಕಾಲ್ಮಾಂ ತೀರಿಕೊಂಡದ್ದು 1997ರಲ್ಲಿ, 122 ವರ್ಷ ತುಂಬಿದ ಮೇಲೆ. ಇನ್ನೊಬ್ಬರ ಆಯುಸ್ಸಿನ ಭಾರವನ್ನು ಒಬ್ಬನೇ ವ್ಯಕ್ತಿ ಹೊತ್ತರೆ ಏನಾಗಬಹುದು ಎಂಬುದು ಇದರಲ್ಲಿ ಕಾಣುತ್ತದೆ. ಅದನ್ನು ಸಾವಿರ ಜನರಲ್ಲಿ ಹಂಚಿದಾಗ ಮಾತ್ರ ಹಗುರಾಗುತ್ತದೆ. ನಿಮ್ಮ ಸ್ವಂತ ಆಯುಸ್ಸಿನ ಭಾರವನ್ನು ನೀವೊಬ್ಬರೇ ಹೊರುವುದೂ ಇದೇ ಬಗೆಯ ಪಂದ್ಯ.

ಹಾಗಾದರೆ ವರ್ಷಾಶನದ ದೋಷವೇನು? ನಮ್ಮ ತಂದೆಯವರ ಖರ್ಚಿನ ಪುಸ್ತಕದಲ್ಲಿ ಅದು ಕಣ್ಣಿಗೆ ಕಟ್ಟುವಂತೆ ಇದೆ. ಅವರು ನಿವೃತ್ತರಾದಾಗ ಎಂದೂ ಬದಲಾಗದ ಮೊತ್ತದ ವರ್ಷಾಶನ ಕೊಂಡಿದ್ದರು. ಪ್ರತಿ ತಿಂಗಳೂ ಆ ಹಣ ಯಾವ ದಿನಕ್ಕೆ ಮುಗಿಯುತ್ತದೋ ಆ ದಿನದ ಲೆಕ್ಕದ ಕೆಳಗೆ ಕೆಂಪು ಗೆರೆ ಎಳೆಯುವುದು ಅವರ ಅಭ್ಯಾಸ. ಮೊದಲ ವರ್ಷದ ಪುಟಗಳಲ್ಲಿ ಆ ಗೆರೆ 27ನೇ ತಾರೀಖಿನ ಸುತ್ತ ಬೀಳುತ್ತದೆ. ಹದಿನಾಲ್ಕನೆಯ ವರ್ಷದ ಹೊತ್ತಿಗೆ ಅದು 12ಕ್ಕೆ ಬಂದಿದೆ. ಅವರ ಖರ್ಚು ಹೆಚ್ಚಿರಲಿಲ್ಲ. ಕೊಳ್ಳುತ್ತಿದ್ದುದು ಅವೇ ಸಾಮಾನುಗಳು, ಬರವಣಿಗೆ ಅದೇ, ಗೆರೆ ಮಾತ್ರ ಪುಟದಿಂದ ಪುಟಕ್ಕೆ ಮೇಲಕ್ಕೆ ಸರಿಯುತ್ತ ಹೋಗಿದೆ. ವರ್ಷಕ್ಕೆ ಶೇ. 6ರಷ್ಟು ಬೆಲೆಯೇರಿಕೆ ಒಂದು ಮನೆಯೊಳಗೆ ಹೇಗೆ ಕಾಣುತ್ತದೆ ಎಂದು ಯಾರಾದರೂ ಕೇಳಿದರೆ ನಾನು ಆ ಪುಸ್ತಕವನ್ನೇ ತೋರಿಸುತ್ತೇನೆ.

ಬೆಲೆಯೇರಿಕೆಯೊಂದಿಗೆ ಹೆಚ್ಚುವ ವರ್ಷಾಶನಗಳೂ ಕೆಲವೆಡೆ ಸಿಗುತ್ತವೆ, ವರ್ಷಕ್ಕೆ ಶೇ. 3ರಂತೆ ಏರುವಂಥವೂ ಇವೆ. ಅವುಗಳ ಮೊದಲ ವರ್ಷದ ಮೊತ್ತ ಗಣನೀಯವಾಗಿ ಕಡಿಮೆ ಇರುವುದರಿಂದ ಕೊಳ್ಳುವವರು ಹಿಂಜರಿಯುತ್ತಾರೆ. ಹೋಲಿಸುವಾಗ ಮೊದಲ ವರ್ಷದ ಮೊತ್ತವನ್ನಲ್ಲ, ನಿಮ್ಮ ಎಂಬತ್ತನೆಯ ವರ್ಷದಲ್ಲಿ ಬರುವ ಮೊತ್ತವನ್ನು ಅಕ್ಕಪಕ್ಕ ಬರೆದು ನೋಡಿ. ಇನ್ನೊಂದು ದೋಷ, ಕೊಟ್ಟ ಗಂಟು ಸಾಮಾನ್ಯವಾಗಿ ಮರಳುವುದಿಲ್ಲ. ದೊಡ್ಡ ಶಸ್ತ್ರಚಿಕಿತ್ಸೆಗೂ ಸಿಗುವುದಿಲ್ಲ, ಮಕ್ಕಳಿಗೂ ಉಳಿಯುವುದಿಲ್ಲ. ಮೆನಹೆಮ್ ಯಾರಿ ಎಂಬ ಅರ್ಥಶಾಸ್ತ್ರಜ್ಞರು 1965ರಲ್ಲೇ, ಯಾರಿಗೂ ಆಸ್ತಿ ಬಿಟ್ಟುಹೋಗುವ ಉದ್ದೇಶವಿಲ್ಲದವರು, ದರ ನ್ಯಾಯವಾಗಿದ್ದರೆ, ಎಲ್ಲವನ್ನೂ ವರ್ಷಾಶನಕ್ಕೇ ಹಾಕುವುದು ಸರಿ ಎಂದು ತೋರಿಸಿದ್ದರೂ ಜನ ಅದನ್ನು ಸ್ವಇಚ್ಛೆಯಿಂದ ಕೊಳ್ಳುವುದು ಕಡಿಮೆಯೇ. ಬ್ರಿಟನ್ನಿನಲ್ಲಿ 2015ರ ಏಪ್ರಿಲ್‌ನಿಂದ ಪಿಂಚಣಿಯ ಗಂಟನ್ನು ಬೇಕಾದಂತೆ ತೆಗೆಯುವ ಸ್ವಾತಂತ್ರ್ಯ ಸಿಕ್ಕ ಮೇಲೆ ಅಲ್ಲಿ ವರ್ಷಾಶನದ ಮಾರಾಟ ಬಿದ್ದುಹೋಯಿತು.

ಮೂರನೆಯ ದಾರಿ, ಷೇರು ಮತ್ತು ಸಾಲಪತ್ರಗಳ ಮಿಶ್ರಣವನ್ನು ಇಟ್ಟುಕೊಂಡು ಸ್ವಂತ ಲೆಕ್ಕದಲ್ಲಿ ವರ್ಷ ವರ್ಷ ತೆಗೆಯುವುದು. ಗಂಟು ಕೈಯಲ್ಲೇ ಇರುತ್ತದೆ, ಬೆಳೆಯುವ ಅವಕಾಶವಿರುತ್ತದೆ, ಉಳಿದದ್ದು ಮನೆಯವರಿಗೆ ಸೇರುತ್ತದೆ. ಆದರೆ ಮೂರು ಭಾರಗಳೂ ನಿಮ್ಮವೇ, ಮತ್ತು ಮಾರುಕಟ್ಟೆಯ ಭಾರ ಇಲ್ಲಿ ಒಂದು ವಿಚಿತ್ರ ರೂಪ ತಾಳುತ್ತದೆ. ಇಬ್ಬರ ಬಳಿಯೂ 20 ವರ್ಷದ ಖರ್ಚಿನಷ್ಟು ಹಣವಿದ್ದು, ಇಬ್ಬರೂ ಪ್ರತಿ ವರ್ಷದ ಆರಂಭದಲ್ಲಿ ಒಂದನ್ನು ತೆಗೆಯುತ್ತಾರೆ ಎನ್ನಿ. ಐದು ವರ್ಷಗಳಲ್ಲಿ ಒಬ್ಬರಿಗೆ ಮಾರುಕಟ್ಟೆ ಮೊದಲು ಶೇ. 20 ಇಳಿದು, ಆಮೇಲೆ 10 ಇಳಿದು, ಒಂದು ವರ್ಷ ನಿಂತು, 15 ಮತ್ತು 20 ಏರಿತು. ಇನ್ನೊಬ್ಬರಿಗೆ ಇದೇ ಅಂಕಿಗಳು ಹಿಂದುಮುಂದಾಗಿ ಬಂದವು. ಹಣ ತೆಗೆಯದಿದ್ದರೆ ಇಬ್ಬರ ಗಂಟೂ ಒಂದೇ ಆಗಿರುತ್ತಿತ್ತು. ತೆಗೆದಿದ್ದರಿಂದ ಮೊದಲು ಪೆಟ್ಟು ತಿಂದವರ ಬಳಿ 13.7 ಉಳಿಯುತ್ತದೆ, ಇನ್ನೊಬ್ಬರ ಬಳಿ 15.8. ಸರಾಸರಿ ಒಂದೇ, ಅನುಕ್ರಮ ಬೇರೆ, ಎರಡು ವರ್ಷದ ಅನ್ನ ಹೋಯಿತು. ನಿವೃತ್ತಿಯ ಮೊದಲ ಐದಾರು ವರ್ಷಗಳನ್ನು ಬಲ್ಲವರು ಅತ್ಯಂತ ನಾಜೂಕಿನ ಕಾಲ ಎನ್ನುವುದು ಇದಕ್ಕೇ. ಎರಡು ಮೂರು ವರ್ಷದ ಖರ್ಚನ್ನು ಠೇವಣಿಯಲ್ಲಿ ಇಟ್ಟುಕೊಂಡು ಕುಸಿತದ ವರ್ಷಗಳಲ್ಲಿ ಷೇರನ್ನು ಮಾರದೆ ಅದರಿಂದ ತೆಗೆಯುವುದು, ಅಂತಹ ವರ್ಷ ಖರ್ಚನ್ನೂ ಕೊಂಚ ಬಿಗಿಹಿಡಿಯುವುದು, ಇದಕ್ಕಿರುವ ಪರಿಹಾರ. ಖರ್ಚನ್ನು ಬಿಗಿಹಿಡಿಯಲು ಸಾಧ್ಯವೇ ಇಲ್ಲದಷ್ಟು ತೆಳ್ಳಗಿನ ಲೆಕ್ಕದಲ್ಲಿ ಬದುಕುವವರಿಗೆ ಈ ದಾರಿ ಹೊಂದುವುದಿಲ್ಲ.

ಯಾರಿಗೆ ಯಾವುದು

ಒಂದನ್ನೇ ಆರಿಸಿಕೊಳ್ಳಬೇಕೆಂದು ಎಲ್ಲಿಯೂ ಬರೆದಿಲ್ಲ. ಖರ್ಚನ್ನು ಎರಡಾಗಿ ಒಡೆಯಿರಿ: ಊಟ, ಸೂರು, ಔಷಧ, ವಿದ್ಯುತ್ತಿನಂತಹ ತಪ್ಪಿಸಲಾಗದವು ಒಂದೆಡೆ, ಪ್ರವಾಸ, ಉಡುಗೊರೆ, ಹವ್ಯಾಸ ಇನ್ನೊಂದೆಡೆ. ವರ್ಷದ ಖರ್ಚಿನಲ್ಲಿ ತಪ್ಪಿಸಲಾಗದ್ದು 0.7 ಎಂದೂ, ಸರ್ಕಾರದ ಅಥವಾ ಉದ್ಯೋಗದ ಪಿಂಚಣಿ 0.4 ಎಂದೂ ಇದ್ದರೆ, ನಡುವಿನ 0.3ನ್ನು ಏರುತ್ತ ಹೋಗುವ ವರ್ಷಾಶನದಿಂದ ತುಂಬಿ, ಉಳಿದ ಗಂಟನ್ನು ಮಿಶ್ರಣದಲ್ಲಿಟ್ಟು ಮಿಕ್ಕ 0.3ನ್ನು ಅದರಿಂದ ತೆಗೆಯುವುದು ನಾನು ಹೆಚ್ಚಿನವರಿಗೆ ಹೇಳುವ ವ್ಯವಸ್ಥೆ. ಆಗ ಮಾರುಕಟ್ಟೆ ಕುಸಿದ ವರ್ಷ ಪ್ರವಾಸ ನಿಲ್ಲುತ್ತದೆ, ಔಷಧ ನಿಲ್ಲುವುದಿಲ್ಲ.

ಗಂಭೀರ ಕಾಯಿಲೆಯಿಂದಾಗಿ ದೀರ್ಘಾಯುಸ್ಸಿನ ನಿರೀಕ್ಷೆ ಇಲ್ಲದವರು ಸಾಮಾನ್ಯ ದರದ ವರ್ಷಾಶನ ಕೊಳ್ಳಬಾರದು; ಅವರು ಇತರರ ಊಟಕ್ಕೆ ಹಣ ಕಟ್ಟಿದಂತಾಗುತ್ತದೆ. ಒಬ್ಬಂಟಿಯಾಗಿದ್ದು, ಮನೆತನದಲ್ಲಿ ತೊಂಬತ್ತು ದಾಟಿದವರು ಹಲವರಿರುವವರಿಗೆ ಅದರ ಪಾಲು ದೊಡ್ಡದಿರಲಿ. ಅವಲಂಬಿತ ಮಗನೋ ಮಗಳೋ ಇರುವವರು ಗಂಟಿನ ಬಹುಭಾಗವನ್ನು ಕೈಯಲ್ಲೇ ಉಳಿಸಿಕೊಳ್ಳಬೇಕಾಗುತ್ತದೆ. ಮಕ್ಕಳು ನೋಡಿಕೊಳ್ಳುತ್ತಾರೆ ಎಂಬ ಭರವಸೆಯನ್ನು ಲೆಕ್ಕದ ಪುಸ್ತಕದಲ್ಲಿ ಬರೆಯಬೇಡಿ. ಅವರು ನೋಡಿಕೊಂಡರೆ ಅದು ಪ್ರೀತಿ, ಅದನ್ನು ಆದಾಯದ ಕಲಮಿಗೆ ಸೇರಿಸಿದರೆ ಅವರ ಉಳಿತಾಯದಿಂದ ನಿಮ್ಮ ಕೊರತೆಯನ್ನು ತುಂಬಿಕೊಂಡಂತೆ.

ಗುರಿಗೆ ಕಡಿಮೆ ಬಿದ್ದವರಿಗೆ ಕೆಲಸವನ್ನು ಮುಂದುವರಿಸುವ ಆಯ್ಕೆಯ ಬಲವನ್ನು ಅಂಕಿಯಲ್ಲೇ ಹೇಳುತ್ತೇನೆ. 60ರಲ್ಲಿ 20 ಪಟ್ಟು ಇರುವವರು, ಖರ್ಚಿನ ಶೇ. 30ರಷ್ಟನ್ನು ಉಳಿಸುತ್ತ, ಬೆಲೆಯೇರಿಕೆ ಕಳೆದು ಶೇ. 4ರ ಬೆಳವಣಿಗೆಯಲ್ಲಿ ಇನ್ನು ಮೂರು ವರ್ಷ ದುಡಿದರೆ 23.4 ಪಟ್ಟು ಆಗುತ್ತದೆ, ಮತ್ತು ಉಣ್ಣಬೇಕಾದ ವರ್ಷಗಳಲ್ಲಿ ಮೂರು ಕಡಿಮೆಯಾಗುತ್ತವೆ. ಆರೋಗ್ಯವೂ ಕೆಲಸವೂ ಇಷ್ಟು ಕಾಲ ಜೊತೆಗಿರುತ್ತವೆ ಎಂಬ ಖಾತ್ರಿಯಿಲ್ಲವಾದ್ದರಿಂದ ಇದನ್ನು ನಂಬಿ ಮೊದಲಿನಿಂದಲೂ ಕಡಿಮೆ ಉಳಿಸುವುದು ಸರಿಯಲ್ಲ.

ವರ್ಷಾಶನ ಕೊಳ್ಳುವುದೇ ಆದರೆ ಒಂದೇ ದಿನ ಕೊಳ್ಳಬೇಕಾಗಿಲ್ಲ. ಅದೇ ಗಂಟಿಗೆ 60ರಲ್ಲಿ ಸಿಗುವುದಕ್ಕಿಂತ 75ರಲ್ಲಿ ಸಿಗುವ ಮೊತ್ತ ಹೆಚ್ಚು, ಏಕೆಂದರೆ ಸಂಸ್ಥೆ ಕೊಡಬೇಕಾದ ವರ್ಷಗಳು ಕಡಿಮೆ. 65ರಲ್ಲಿ ಒಂದು ಭಾಗ, 70ರಲ್ಲಿ ಇನ್ನೊಂದು, 75ರಲ್ಲಿ ಮತ್ತೊಂದು ಎಂದು ಹಂತಹಂತವಾಗಿ ಕೊಂಡರೆ ಆಯಾ ವರ್ಷದ ಬಡ್ಡಿದರದ ಏರಿಳಿತವೂ ಹಂಚಿಹೋಗುತ್ತದೆ. ಇದರಲ್ಲಿ ಇನ್ನೊಂದು ಅನುಕೂಲವಿದೆ, ಅದನ್ನು ಹೋಲಿಕೆಯ ಪಟ್ಟಿಗಳು ಸಾಮಾನ್ಯವಾಗಿ ಹೇಳುವುದಿಲ್ಲ: ಸ್ವಂತ ಲೆಕ್ಕದಲ್ಲಿ ಹಣ ತೆಗೆಯುವ ದಾರಿಗೆ ಚುರುಕಾದ ತಲೆ ಬೇಕು, ಮತ್ತು ಎಂಬತ್ತೈದರಲ್ಲಿ ಆ ಚುರುಕು ಇದ್ದೇ ಇರುತ್ತದೆಂದು ಯಾರೂ ಹೇಳಲಾರರು. ಮನೆಯಲ್ಲಿ ಲೆಕ್ಕ ನೋಡುವವರು ಒಬ್ಬರೇ ಆಗಿದ್ದು, ಅವರು ಮೊದಲು ತೀರಿಕೊಂಡರೆ, ಉಳಿದವರಿಗೆ ಹತ್ತು ಖಾತೆಗಳ ಗೋಜಲಿಗಿಂತ ತಿಂಗಳಿಗೊಮ್ಮೆ ತಾನಾಗಿ ಬಂದು ಬೀಳುವ ಹಣ ಹೆಚ್ಚು ಉಪಕಾರಿ.

ಆದ್ದರಿಂದ ಸಹಿ ಹಾಕುವ ಮೊದಲು ಅರ್ಜಿಯಲ್ಲಿ ಒಬ್ಬರ ಜೀವಕ್ಕೆ ಎಂಬ ಆಯ್ಕೆಗೆ ಗುರುತು ಹಾಕಿದೆಯೋ ಇಬ್ಬರ ಜೀವಕ್ಕೆ ಎಂಬುದಕ್ಕೋ ನೋಡಿ. ಇಬ್ಬರ ಜೀವಕ್ಕೆ ಎಂದರೆ ತಿಂಗಳ ಮೊತ್ತ ಕಡಿಮೆ, ಆದರೆ ಒಬ್ಬರು ಹೋದ ಮೇಲೂ ಇನ್ನೊಬ್ಬರಿಗೆ ಬರುತ್ತದೆ. ಸಂಗಾತಿಗೆ ಪೂರ್ತಿ ಮೊತ್ತವೋ ಅರ್ಧವೋ ಎಂಬುದನ್ನೂ ಅಲ್ಲೇ ಬರೆಯಬೇಕಾಗುತ್ತದೆ, ಮತ್ತು ಮೊದಲ ಕಂತು ಬಂದ ನಂತರ ಆ ಗುರುತನ್ನು ಬದಲಾಯಿಸಲು ಸಾಮಾನ್ಯವಾಗಿ ಅವಕಾಶವಿರುವುದಿಲ್ಲ. ಆ ಅರ್ಜಿಯನ್ನು ಇಬ್ಬರೂ ಜೊತೆಯಲ್ಲಿ ಕುಳಿತು ಓದಿ ತುಂಬಿಸಿ.